ತೂಕ ಇಳಿಸುವವರ ನಡುವೆ

ಕುಸ್ತಿ ಗೆದ್ದವನ ತಲೆಗೆ ಇಡುವ ರೆಡಿಮೇಡ್ ಪೇಟಕ್ಕೆ ಒಂದು ವಾಸನೆ ಇರುತ್ತದೆ. ಸಂಘಟಕರ ಬಳಿ ಇರುವುದು ಒಂದೋ ಎರಡೋ ಪೇಟ. ಅದನ್ನೇ ಮೊದಲು ಉದ್ಘಾಟನೆಗೆ ಬಂದವರಿಗೆ ಇಟ್ಟು ಫೋಟೋ ತೆಗೆಯುತ್ತಾರೆ, ಆಮೇಲೆ ದಾನಿಗಳಿಗೆ, ಕೊನೆಗೆ ಪೈಲ್ವಾನರಿಗೆ. ನನ್ನ ಸರದಿ ಬರುವಷ್ಟರಲ್ಲಿ ಅದರ ಒಳಬಟ್ಟೆ ಊರಿನ ದೊಡ್ಡ ಮನುಷ್ಯರೆಲ್ಲರ ತಲೆಯೆಣ್ಣೆ, ಬೆವರು, ಕೂದಲಿಗೆ ಬಳಿದ ಬಣ್ಣ ಕುಡಿದು ಜಿಡ್ಡುಗಟ್ಟಿರುತ್ತಿತ್ತು. ಎಷ್ಟೋ ವರ್ಷ ಅದನ್ನು ತಲೆಯ ಮೇಲೆ ಇಡಿಸಿಕೊಂಡು ನಕ್ಕಿದ್ದೇನೆ. ಅಖಾಡದ ಕೆಮ್ಮಣ್ಣಿನ ಮಾತೇ ಬೇರೆ. ಅದಕ್ಕೆ ಮಜ್ಜಿಗೆ, ಲಿಂಬೆರಸ, ಅರಿಸಿನ, ಎಣ್ಣೆ ಹಾಕಿ ಹದ ಮಾಡಿರುತ್ತಾರೆ. ಆ ಮಣ್ಣು ಕಣ್ಣಿಗೆ ಹೋಗಿದೆ, ಮೂಗಿಗೆ ಹೋಗಿದೆ, ಎದುರಾಳಿಯ ಮೊಣಕೈ ಕೆಳಗೆ ಮುಖ ಸಿಕ್ಕಿದಾಗ ಬಾಯಿ ತುಂಬ ತುಂಬಿಕೊಂಡಿದೆ. ಒಂದು ದಿನವೂ ಅಸಹ್ಯ ಅನಿಸಿಲ್ಲ.

ನಮ್ಮದು ಬನವಾಸಿ ಕಡೆಯ ಹಳ್ಳಿ. ಅಪ್ಪ ಭತ್ತ, ಗೋವಿನಜೋಳ ಬೆಳೆಯುತ್ತಿದ್ದರು. ಎಲ್ಲರ ಹಾಗೆ ಆಮೇಲೆ ಅನಾನಸಿಗೆ ಹೊರಳಿದರು. ಕಾಕಾನಿಗೆ ಕುಸ್ತಿಯ ಹುಚ್ಚು. ಹೈಸ್ಕೂಲು ಮುಗಿಯುತ್ತಿದ್ದಂತೆ ನನ್ನನ್ನು ಹಾವೇರಿ ಕಡೆಯ ಒಂದು ಗರಡಿಗೆ ಒಯ್ದು ಬಿಟ್ಟವನು ಅವನೇ. ಅಲ್ಲಿಯ ವಸ್ತಾದರು, ಅಂದರೆ ನನಗೆ ಪಟ್ಟು ಕಲಿಸಿದ ಗುರುಗಳು, ಮಾತು ಕಡಿಮೆ, ಕೈ ಜಾಸ್ತಿ. ಬೆಳಿಗ್ಗೆ ಎದ್ದು ಮಣ್ಣು ಅಗೆಯುವುದು, ದಂಡ, ಬಸ್ಕಿ, ಜೋಡಿಯಾಗಿ ಕುಸ್ತಿ ಹಿಡಿಯುವುದು. ದೇಹ ಬೆಳೆಯಿತು, ಕಿವಿ ಮುರಿದು ಒಣಗಿದ ಅಣಬೆಯ ಹಾಗೆ ಮುದುಡಿತು. ಇಪ್ಪತ್ತೆರಡರ ಹೊತ್ತಿಗೆ ಬೆಳಗಾವಿ, ಕೊಲ್ಲಾಪುರ, ಸಾಂಗಲಿ ಕಡೆಯಿಂದೆಲ್ಲ ಕುಸ್ತಿಗೆ ಕರೆ ಬರತೊಡಗಿತು. ಕುಸ್ತಿಯೇ ಹೊಟ್ಟೆಪಾಡಾಯಿತು.

ಮೊದಲ ಸಲ ಅಸಹ್ಯ ಅನಿಸಿದ್ದು ಒಂದು ದೊಡ್ಡ ಕುಸ್ತಿಯ ನಡುವೆ. ಎದುರಾಳಿ ನನಗಿಂತ ಹೆಸರುವಾಸಿ. ವಾರಗಟ್ಟಲೆ ನಿದ್ದೆಗೆಟ್ಟು ಅವನಿಗಾಗಿ ತಯಾರಾಗಿದ್ದೆ. ಹಲಗೆ ಬಡಿತಕ್ಕೆ ಜನ ಎದ್ದು ನಿಂತಿದ್ದರು. ನಾನು ಅವನ ಕುತ್ತಿಗೆಗೆ ಕೈ ಹಾಕಿದೆ, ಅವನು ನನ್ನ ಕುತ್ತಿಗೆಗೆ ಹಾಕಿದ. ಹಣೆಗೆ ಹಣೆ ಹಚ್ಚಿ ತಳ್ಳಾಡುತ್ತಿರುವಾಗ ಅವನ ಬಾಯಿ ನನ್ನ ಕಿವಿಯ ಹತ್ತಿರ ಬಂತು.

"ಇನ್ನೊಂದ್ ಸ್ವಲ್ಪ ಹೊತ್ತು ಹಿಂಗ ಹಿಡ್ಕೊಂಡಿರೋ. ಜನಕ್ಕ ಮಜಾ ಬರ್ಲಿ. ಆಮ್ಯಾಲ ನಾ ಬೀಳ್ತೀನಿ."

ಅವನ ಬಾಯಲ್ಲಿ ಗುಟ್ಕಾದ ವಾಸನೆ ಇತ್ತು. ನಾನು ತಮಾಷೆ ಅಂದುಕೊಂಡೆ. ಸಿಟ್ಟಿನಿಂದ ಒಳಗೆ ನುಗ್ಗಿ ಕಾಲು ಹಿಡಿದೆ. ಅವನು ಹೇಳಿದ ಹಾಗೆಯೇ ಬಿದ್ದ, ಸಲೀಸಾಗಿ, ಹಾಸಿಗೆಯ ಮೇಲೆ ಮಲಗುವ ಹಾಗೆ. ಜನ ಕೂಗಿದರು. ಯಾರೋ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಮಲಗಿದ್ದವನು ಮಣ್ಣು ಕೊಡವಿಕೊಂಡು ಏಳುತ್ತ ನನಗೆ ಕಣ್ಣು ಹೊಡೆದ. ನಾನು ಹೆಗಲಿಂದ ಕೆಳಗೆ ಜಿಗಿದೆ.

ವಸ್ತಾದರ ಬಳಿ ಹೋಗಿ ಕೇಳಿದೆ. "ನಿಮಗ ಗೊತ್ತಿತ್ತೇನ್ರಿ?"

"ನೂರಾ ಕುಸ್ತಿ ಅಂದ್ರ ಇದ ತಮ್ಮಾ," ಅಂದರು ಅವರು, ಬೀಡಿ ಹಚ್ಚುತ್ತ. "ಯಾರ ಬೀಳ್ಬೇಕು, ಯಾರ ಏಳ್ಬೇಕು ಅನ್ನೋದು ಮೊದಲ ಆಗಿರ್ತದ. ನಿನಗ ಹೇಳಿದ್ರ ನೀ ಖರೇ ಖರೇ ಆಡ್ತಿರ್ಲಿಲ್ಲ. ಅದಕ್ಕ ಹೇಳ್ಲಿಲ್ಲ."

ಆ ಗೆಲುವಿನ ನಂತರ ನಾನು ಗೆದ್ದ ಯಾವ ಕುಸ್ತಿಯನ್ನೂ ನಂಬಲು ಆಗಲಿಲ್ಲ. ಎದುರಾಳಿಯ ಬೆನ್ನು ನೆಲಕ್ಕೆ ತಾಗಿದ ಕೂಡಲೇ ಅವನ ಕಣ್ಣು ನೋಡುತ್ತಿದ್ದೆ, ಇವನು ನಿಜಕ್ಕೂ ಬಿದ್ದನೋ, ಬೇಕೆಂದೇ ಬಿದ್ದನೋ ಎಂದು. ಹಾಗೆ ನೋಡುತ್ತ ನೋಡುತ್ತ ಕೆಲವು ವರ್ಷ ಕಳೆದೆ. ಒಂದು ಕುಸ್ತಿಯಲ್ಲಿ ಮೊಣಕಾಲು ತಿರುಚಿ ಒಳಗಿನ ಲಿಗಮೆಂಟು ಹರಿಯಿತು. ಆಪರೇಷನ್ ಆಯಿತು. ಕುಸ್ತಿ ಮುಗಿಯಿತು ಅಂತ ಡಾಕ್ಟರು ಹೇಳಿದಾಗ ಕಾಕಾ ಅತ್ತ. ನನಗೆ ಸ್ವಲ್ಪ ನಿರಾಳವೇ ಆಗಿತ್ತು.

ತರಬೇತುದಾರನ ಕೋರ್ಸು ಮುಗಿಸಿಕೊಂಡು ಬಂದೆ. ಮಕ್ಕಳಿಗೆ ಕಲಿಸುವುದರಲ್ಲಿ ಸುಳ್ಳು ಇರಲಾರದು ಎಂದು ನಂಬಿದ್ದೆ. ಶಿರಸಿಯ ಒಂದು ಖಾಸಗಿ ವಸತಿ ಕಾಲೇಜಿನವರು ಕುಸ್ತಿ ಕಲಿಸಲು ಕರೆದರು. ಹೆಂಡತಿಯನ್ನು ಕರೆದುಕೊಂಡು ಬಂದು ಪೇಟೆಯಲ್ಲೇ ಬಾಡಿಗೆ ಮನೆ ಮಾಡಿದೆ. ಕಾಲೇಜಿನ ಅಧ್ಯಕ್ಷರು ಅಡಿಕೆ ವ್ಯಾಪಾರದಲ್ಲಿ ಗಳಿಸಿದವರು. ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ, ನಗುಮುಖ, ಕೈಯಲ್ಲಿ ಎರಡು ಫೋನು. ಮಕ್ಕಳು ಪದಕ ತಂದರೆ ಆ ಫೋಟೋದಲ್ಲಿ ನಡುವೆ ನಿಲ್ಲುವವರು ಅವರೇ.

ಆ ಹುಡುಗಿಯನ್ನು ನಾನು ಮೊದಲು ನೋಡಿದ್ದು ಯಲ್ಲಾಪುರದ ತಾಲೂಕು ಮಟ್ಟದ ಕಬಡ್ಡಿಯಲ್ಲಿ. ಸಿದ್ದಿಯರ ಹುಡುಗಿ, ಹತ್ತನೇ ತರಗತಿ. ಎದುರು ತಂಡದವಳು ನುಗ್ಗಿ ಬಂದಾಗ ಉಳಿದವರೆಲ್ಲ ಅವಳ ಕೈ ನೋಡುತ್ತಿದ್ದರು. ಇವಳು ಸೊಂಟ ನೋಡುತ್ತಿದ್ದಳು. ಸೊಂಟ ತಿರುಗಿದ ಕಡೆಗೇ ಕಾಲು ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪಾದ ಹಿಡಿದಳೆಂದರೆ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಆಟ ಮುಗಿದ ಮೇಲೆ ವಿಳಾಸ ಕೇಳಿಕೊಂಡು, ಮರುದಿನ ಅವಳ ಮನೆಗೇ ಹೋದೆ. ಅವಳ ತಾಯಿ ಕೂಲಿಯಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದಳು.

"ಹೆಣ್ಣುಡ್ಗಿ ಕುಸ್ತಿ ಆಡಿ ಎಂತ ಮಾಡೂದು ಮಾಸ್ತರ್ರೇ?"

"ಮುಂದ ನೌಕರಿಗೆ ಆಗ್ತದ್ರಿ. ಪೊಲೀಸು, ರೈಲ್ವೆ ಎಲ್ಲಾ ಕಡೆ ತಗೋತಾರ."

"ನಮ್ಮ ಕಡೆ ರೈಲೇ ಇಲ್ವಲ್ಲ," ಅಂದಳು ಅವಳು. ಆಮೇಲೆ ಮಗಳ ಮುಖ ನೋಡಿದಳು. ಮಗಳು ಆಗಲೇ ಹೊರಡಲು ಸಿದ್ಧಳಾದ ಹಾಗೆ ನಿಂತಿದ್ದಳು. "ಹೊಟ್ಟೆ ತುಂಬ ಊಟ ಹಾಕ್ತೀರಾ?"

"ಹಾಕ್ತೀವ್ರಿ," ಅಂದೆ.

ಶಿರಸಿಗೆ ಕರೆದುಕೊಂಡು ಬಂದ ದಿನ ಅಧ್ಯಕ್ಷರು ಅವಳನ್ನು ನೋಡಲು ಮೈದಾನಕ್ಕೇ ಬಂದರು. ಹೆಸರು ಕೇಳಲಿಲ್ಲ. ಅವಳ ತೋಳನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು. ಜಾನುವಾರು ಸಂತೆಯಲ್ಲಿ ಎತ್ತಿನ ತೊಡೆ ಒತ್ತಿ ನೋಡುವವರನ್ನು ನಾನು ಕಂಡಿದ್ದೇನೆ. ಅದೇ ಕೈ, ಅದೇ ತಲೆಯಾಡಿಸುವಿಕೆ.

"ಇವರದ್ದೆಲ್ಲ ಆಫ್ರಿಕಾ ರಕ್ತ ಪೈಲ್ವಾನ್ರೇ. ಇವರಿಗೆ ಎಂತ ಟ್ರೇನಿಂಗ್? ಸುಮ್ನೆ ಬಿಟ್ರೆ ಆಯ್ತು, ಗೆದ್ಕೊಂಡು ಬರ್ತಾರೆ."

ಹುಡುಗಿ ಅಲ್ಲಾಡದೆ ನಿಂತಿದ್ದಳು. ಅವರು ಹೋದ ಮೇಲೆ ನಳದ ಹತ್ತಿರ ಹೋಗಿ ಆ ತೋಳನ್ನು ತೊಳೆದುಕೊಂಡಳು. ಸೋಪು ಹಚ್ಚಿ ಇನ್ನೊಮ್ಮೆ ತೊಳೆದುಕೊಂಡಳು.

ರಕ್ತದಿಂದ ಯಾರೂ ಕುಸ್ತಿ ಕಲಿಯುವುದಿಲ್ಲ. ಅವಳು ತಪ್ಪು ಮಾಡಿ, ಬಿದ್ದು, ಅತ್ತು ಕಲಿತಳು. ಎಡಗಾಲು ಹಿಂದಿಡುವ ಅಭ್ಯಾಸ ಬಿಡಿಸಲು ಒಂದು ಮಳೆಗಾಲ ಬೇಕಾಯಿತು. ಕುತ್ತಿಗೆ ಬಲಿಯಲು ಇನ್ನೊಂದು. ಊಟ ಮುಗಿದ ಮೇಲೂ ಹಾಸ್ಟೆಲಿನ ಅಡುಗೆಯ ಅಕ್ಕನ ಎದುರು ಪಟ್ಟುಗಳನ್ನು ಆಡಿ ತೋರಿಸುತ್ತಿದ್ದಳು. ಅಕ್ಕ ಹವ್ಯಕರ ಮನೆಯ ಹೆಂಗಸು, ಕುಸ್ತಿಯ ಗಂಧ ಇಲ್ಲ. ಆದರೂ ಸೌಟು ಹಿಡಿದುಕೊಂಡೇ ನೋಡುತ್ತಿದ್ದಳು.

ಎರಡನೆಯ ವರ್ಷದ ವಾರ್ಷಿಕೋತ್ಸವಕ್ಕೆ ಅಧ್ಯಕ್ಷರಿಗೆ ಒಂದು ಯೋಚನೆ ಬಂತು. ಹುಡುಗಿ ಸೊಂಟಕ್ಕೆ ಸೊಪ್ಪು ಕಟ್ಟಿಕೊಂಡು ಕುಣಿಯಬೇಕು, ಅದು ಮುಗಿದ ಕೂಡಲೇ ವೇದಿಕೆಯಲ್ಲೇ ಕುಸ್ತಿ. ರೀಲ್ಸ್ ಮಾಡಿ ಹಾಕಿದರೆ ಚೆನ್ನಾಗಿ ಓಡುತ್ತದಂತೆ. ನಾನು ಬಂದು ಅವಳಿಗೆ ಹೇಳಿದಾಗ ನನ್ನ ಬಾಯಿಯೇ ಹುಳಿಹುಳಿಯಾಗಿತ್ತು.

"ನಮ್ಮನೇಲಿ ಯಾರೂ ಸೊಪ್ಪು ಉಟ್ಕಳೂದಿಲ್ಲ ಸರ್," ಅಂದಳು. "ಅಮ್ಮ ನೈಟಿ ಹಾಕ್ತದೆ."

ಅಧ್ಯಕ್ಷರ ಬಳಿ ಹೋಗಿ ಆಗುವುದಿಲ್ಲ ಎಂದೆ. ಅವರು ನಕ್ಕು, ಸರಿ ಬಿಡಿ ಎಂದು ಆ ಕುಣಿತವನ್ನು ಕೈಬಿಟ್ಟರು. ಅವರಿಗೆ ಸಿಟ್ಟು ಬರುವುದೇ ಇಲ್ಲ. ಅದೇ ಅವರಲ್ಲಿ ನನಗೆ ಎಲ್ಲಕ್ಕಿಂತ ಹೇಸಿಗೆ ಹುಟ್ಟಿಸುವ ಗುಣ.

ರಾಜ್ಯ ಮಟ್ಟದ ಆಯ್ಕೆ ಹತ್ತಿರ ಬಂತು. ಹುಡುಗಿ ಐವತ್ತೇಳು ಕೆಜಿಯ ವಿಭಾಗದವಳು. ಒಂದು ವಿಭಾಗಕ್ಕೆ ಸಂಸ್ಥೆಯಿಂದ ಒಬ್ಬರೇ. ಐವತ್ತೇಳರ ವಿಭಾಗಕ್ಕೆ, ಕಾಲೇಜಿನ ಕಟ್ಟಡಕ್ಕೆ ದಾನ ಕೊಟ್ಟ ಗುತ್ತಿಗೆದಾರರ ಮಗಳನ್ನು ಕಳಿಸುವುದು ಎಂದು ಮೊದಲೇ ತೀರ್ಮಾನವಾಗಿತ್ತು. ಇಬ್ಬರನ್ನೂ ಆಡಿಸಿ ಗೆದ್ದವಳನ್ನು ಕಳಿಸೋಣ ಎಂದೆ.

"ಆಟ ಗೀಟ ಎಂತಕ್ಕೆ ಪೈಲ್ವಾನ್ರೇ? ಇವಳನ್ನ ಐವತ್ಮೂರಕ್ಕೆ ಇಳಿಸುವಾ. ಎರಡು ಪದಕ ಬರ್ತದಲ್ಲ."

"ಬೆಳೆಯೋ ಹುಡುಗಿ ಅದು. ಮೈಯಾಗ ಇಳಿಸಾಕ ಏನೂ ಇಲ್ರಿ. ಇಳಿಸಿದ್ರ ನೀರಷ್ಟ ಇಳೀತದ. ಅದು ಜೀವಕ್ಕ ಬರ್ತದ."

"ಆಯ್ತಪ್ಪ, ನೀವು ಹೇಳಿದ ಹಾಗೇ ಆಗ್ಲಿ," ಅಂದರು ನಗುತ್ತಲೇ. ಆ ವಾರ ಹುಬ್ಬಳ್ಳಿಯ ಯಾವುದೋ ಜಿಮ್ಮಿನ ಒಬ್ಬ ಆಸಾಮಿ ಹಾಸ್ಟೆಲಿಗೆ ಬಂದು ಇಳಿದ. ಬಿಗಿ ಟೀ ಶರ್ಟು, ತೋಳ ಮೇಲೆ ಹಚ್ಚೆ, ಚೀಲದ ತುಂಬ ಪುಡಿಯ ಡಬ್ಬಗಳು. ಎಲ್ಲ ಮಕ್ಕಳ ಫಿಟ್ನೆಸ್ ನೋಡಿಕೊಳ್ಳಲು ಬಂದವನು ಎಂದರು.

ತೂಕ ನೋಡುವ ಹಿಂದಿನ ದಿನ ಅಧ್ಯಕ್ಷರು ನನ್ನನ್ನು ಸಿದ್ದಾಪುರಕ್ಕೆ ಅಟ್ಟಿದರು. ಅಲ್ಲಿಯ ಒಂದು ಶಾಲೆಯಲ್ಲಿ ಹೊಸ ಮಕ್ಕಳನ್ನು ಆರಿಸಬೇಕು, ಮುಖ್ಯೋಪಾಧ್ಯಾಯರು ಕಾಯುತ್ತಿದ್ದಾರೆ ಎಂದರು. ಹೋದರೆ ಮುಖ್ಯೋಪಾಧ್ಯಾಯರು ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು. "ನಮಗೆ ಯಾರೂ ಹೇಳ್ಲಿಲ್ವಲ್ಲ. ಇವತ್ತು ಮಕ್ಕಳಿಗೆ ಪರೀಕ್ಷೆ ಉಂಟು." ನನ್ನನ್ನು ದೂರ ಇಡಲೆಂದೇ ಕಳಿಸಿದ್ದು ಎಂದು ಹೊಳೆಯಿತು. ಬಂದ ಬಸ್ಸಿಗೇ ಮರಳಿ ಹತ್ತಿದೆ.

ಶಿರಸಿಯಲ್ಲಿ ಇಳಿದು ಕಾಲೇಜಿಗೆ ಹೋದಾಗ ಉರಿಬಿಸಿಲು. ಮೈದಾನದಲ್ಲಿ ಅವಳು ಓಡುತ್ತಿದ್ದಳು. ಓಟ ಅನ್ನುವ ಹಾಗಿರಲಿಲ್ಲ, ಕಾಲು ಎಳೆಯುತ್ತಿದ್ದಳು. ಎರಡು ಸ್ವೆಟರು, ಅದರ ಮೇಲೆ ಕಪ್ಪು ರೇನ್‌ಕೋಟು, ತಲೆಗೆ ಪ್ಲಾಸ್ಟಿಕ್ ಚೀಲ. ಜಿಮ್ಮಿನವನು ಬೈಕಿನಲ್ಲಿ ಹಿಂದೆ ಹಿಂದೆ ಬರುತ್ತ ಹಾರ್ನ್ ಹೊಡೆಯುತ್ತಿದ್ದ. ಅವಳ ಕೈಯಲ್ಲಿ ಒಂದು ಹಸಿರು ಪ್ಲಾಸ್ಟಿಕ್ ಮಗ್ಗು. ಹುಣಸೆಹಣ್ಣು ಚೀಪಿಸಿ, ಬಾಯಲ್ಲಿ ಬಂದ ಉಗುಳನ್ನೆಲ್ಲ ಅದರಲ್ಲಿ ಉಗಿಸುತ್ತಿದ್ದರು. ಉಗುಳೂ ತೂಕವೇ ಅಲ್ಲವೇ.

ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಅಧ್ಯಕ್ಷರು ಕೂತಿದ್ದರು. ಅವಳು ಎದುರಿಗೆ ಬಂದಾಗ ಮಗ್ಗನ್ನು ಇಸಿದುಕೊಂಡು, ಓರೆ ಮಾಡಿ ಬೆಳಕಿಗೆ ಹಿಡಿದು ಒಳಗೆ ನೋಡಿದರು. ನೊರೆನೊರೆ ಉಗುಳು ಅಂಟಂಟಾಗಿ ಒಂದು ಕಡೆಗೆ ಜಾರಿತು.

"ಇನ್ನೂ ಅರ್ಧವೂ ತುಂಬ್ಲಿಲ್ಲ ಮಾರಾಯ್ತಿ," ಅಂದರು, ನಗುತ್ತ.

ನಾನು ಕುಂಟುಕಾಲಲ್ಲೇ ಓಡಿದೆ. ನಾನು ತಲುಪುವ ಮೊದಲೇ ಅವಳು ಮಂಡಿಯೂರಿದಳು. ರೇನ್‌ಕೋಟಿನ ಗುಂಡಿ ಕಿತ್ತು ತೆಗೆದರೆ ಒಳಗಿನಿಂದ ಬೇಯಿಸಿದ ಹಾಗೆ ಹಬೆ ಬಂತು. ಮೈಯಲ್ಲಿ ಬೆವರು ನಿಂತುಹೋಗಿತ್ತು. ಚರ್ಮ ಒಣಗಿ ಸುಡುತ್ತಿತ್ತು, ತುಟಿ ಬಿಳಿಚಿಕೊಂಡಿತ್ತು. ನನ್ನ ಅಂಗಿಯ ಮೇಲೆ ಹಳದಿ ನೀರನ್ನು ವಾಂತಿ ಮಾಡಿಕೊಂಡಳು. "ಸರ್, ಕಾಲು ಸಿಗ್ತಾ ಇಲ್ಲ," ಅಂದಳು. ಜಿಮ್ಮಿನವನು ಬೈಕ್ ನಿಲ್ಲಿಸಿ "ಏನಾಗಂಗಿಲ್ರಿ, ಎಲ್ಲಾರೂ ಹಿಂಗ ಮಾಡ್ತಾರ" ಎಂದ. ನಾನು ಅವಳನ್ನು ಎತ್ತಿಕೊಂಡು ಗೇಟಿನವರೆಗೆ ನಡೆದೆ. ಅಡುಗೆಯ ಅಕ್ಕ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಓಡಿ ಬಂದಳು. ಮೂವರೂ ಆಟೋ ಹತ್ತಿದೆವು.

ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಏನು ಕೊಟ್ಟಿದ್ದೀರಿ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗಾಬರಿಯಲ್ಲಿ ಅಕ್ಕ ತನ್ನ ಮನೆಮಾತಿಗೇ ಇಳಿದಳು. "ಆ ಹುಬ್ಬಳ್ಳಿಂವ ಶರಬತ್ತಲ್ಲಿ ಮಾತ್ರೆ ಕರಗ್ಸಿ ಕೊಟ್ಟಿದ್ದು. ಆನು ಕಣ್ಣಾರೆ ನೋಡಿದ್ದಿ. ಬ್ಯಾಡ ಹೇಳಿರೂ ಕೇಳಿದ್ವಿಲ್ಲೆ." ಮೈಯ ನೀರು ಇಳಿಸುವ ಮಾತ್ರೆ ಅದು ಎಂದು ಡಾಕ್ಟರಿಗೆ ಗೊತ್ತಾಯಿತು. ಡ್ರಿಪ್ಪಿಗೆ ಸೂಜಿ ಹಾಕಲು ನರ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷರು ಬಂದರು. ಹಣ್ಣಿನ ಬುಟ್ಟಿ ಹಿಡಿದ ಡ್ರೈವರು ಹಿಂದೆ. ಮಂಚದ ಪಕ್ಕ ನಿಂತು ಡ್ರಿಪ್ಪಿನ ಬಾಟಲಿಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಡಾಕ್ಟರಿಗೆ ಮೆಲ್ಲಗೆ, ಬಹಳ ಮರ್ಯಾದೆಯಿಂದ ಹೇಳಿದರು:

"ಮೇಡಂ, ಇದನ್ನ ಹಾಕದೇ ಇರ್ಲಿಕ್ಕೆ ಆಗ್ತದಾ? ನಾಳೆ ತೂಕ ಉಂಟು. ಬಾಟ್ಲಿ ಪೂರ್ತಿ ಹೋದ್ರೆ ಮತ್ತೆ ಏರ್ತದಲ್ಲ."

ಡಾಕ್ಟರು ಸೂಜಿ ಹಿಡಿದವರು ಹಾಗೇ ತಲೆಯೆತ್ತಿ ನೋಡಿದರು. ನನ್ನ ಜೀವನದಲ್ಲಿ ಕೀವು ನೋಡಿದ್ದೇನೆ, ಮುರಿದ ಮೂಳೆ ಚರ್ಮ ಹರಿದು ಹೊರಬಂದದ್ದನ್ನು ನೋಡಿದ್ದೇನೆ. ಆ ಮಾತಿನಷ್ಟು ಹೊಲಸು ವಸ್ತುವನ್ನು ಕಂಡಿಲ್ಲ. ನಾನು ಅವರ ಮುಂಗೈ ಹಿಡಿದೆ. ಹೊಡೆಯಲಿಲ್ಲ. ಹಿಡಿದುಕೊಂಡೇ ವರಾಂಡ ದಾಟಿಸಿ, ಮೆಟ್ಟಿಲು ಇಳಿಸಿ, ಅವರ ಕಾರಿನ ತನಕ ನಡೆಸಿಕೊಂಡು ಹೋಗಿ ಬಿಟ್ಟೆ. ಮುಂಗೈ ಬೆಣ್ಣೆಯ ಹಾಗೆ ಮೆತ್ತಗಿತ್ತು. ಅಷ್ಟು ಮೆತ್ತಗಿನ ಕೈ ಇಷ್ಟು ಮಕ್ಕಳ ಜೀವನ ಹಿಡಿದುಕೊಂಡಿತ್ತಲ್ಲ ಎಂದುಕೊಂಡೆ. ವಾಪಸು ಬಂದು ಆಸ್ಪತ್ರೆಯ ನಳದಲ್ಲಿ ಕೈ ತೊಳೆದುಕೊಂಡೆ. ಅಂಗಿಯ ಮೇಲಿನ ವಾಂತಿ ಹಾಗೆಯೇ ಇತ್ತು. ಅದನ್ನು ತೊಳೆಯಬೇಕೆಂದು ಹೊಳೆಯಲೇ ಇಲ್ಲ.

ಸಂಜೆ ತಾಯಿ ಯಲ್ಲಾಪುರದ ಬಸ್ಸಿನಲ್ಲಿ ಬಂದಳು. ಮಗಳ ತಲೆ ಸವರಿದಳು, ಕಣ್ಣ ರೆಪ್ಪೆ ಎಳೆದು ನೋಡಿದಳು. ನನ್ನ ಕಡೆ ತಿರುಗಿದಾಗ ಧ್ವನಿ ಏರಿರಲಿಲ್ಲ.

"ಕುಸ್ತಿ ಕಲಿಸ್ತೇನೆ ಅಂದಿದ್ರಿ ಮಾಸ್ತರ್ರೇ. ಒಣಗಿಸ್ತೇನೆ ಅಂತ ಹೇಳ್ಲಿಲ್ಲ."

ನಡೆದದ್ದನ್ನು ಅಕ್ಕ ಅವಳಿಗೆ ವಿವರಿಸಿದಳು. ಪೊಲೀಸರಿಗೆ ದೂರು ಕೊಡೋಣ, ನಾನೂ ಬರುತ್ತೇನೆ ಎಂದೆ. "ನಾವು ಠಾಣೆಗೆ ಹೋದ್ರೆ ನಮ್ಮನ್ನೇ ಕೂರಿಸ್ತಾರೆ. ಬ್ಯಾಡ," ಅಂದಳು. ನಾನೊಬ್ಬನೇ ಹೋದೆ. ಮನೆಯವರು ಬಂದು ಹೇಳಲಿ ಎಂದು ಕಳಿಸಿದರು. ಡಾಕ್ಟರು ಬಿಟ್ಟ ದಿನ ತಾಯಿ ಮಗಳನ್ನು ಊರಿಗೆ ಕರೆದುಕೊಂಡು ಹೋದಳು.

ಕಾಲೇಜಿನ ಆಡಳಿತ ಮಂಡಳಿಯವರು ಸಭೆ ಕರೆದರು. ಮಾತ್ರೆ ಕೊಟ್ಟವನು ತರಬೇತುದಾರನೇ, ಅಂದರೆ ನಾನೇ ಇರಬೇಕು ಎಂದು ಅಧ್ಯಕ್ಷರು ಬೇಸರದ ದನಿಯಲ್ಲಿ ಹೇಳಿದರು. ಜಿಮ್ಮಿನವನು ಆಗಲೇ ಚೀಲ ಕಟ್ಟಿಕೊಂಡು ಮಾಯವಾಗಿದ್ದ. ಚಹಾ ತಂದ ಅಕ್ಕ ತಟ್ಟೆ ಮೇಜಿನ ಮೇಲಿಟ್ಟು, ಬಾಗಿಲ ಬಳಿ ನಿಂತೇ ಕಂಡದ್ದನ್ನೆಲ್ಲ ಹೇಳಿದಳು. ಯಾರು ತಂದ ಮಾತ್ರೆ, ಯಾವ ಲೋಟ, ಕುರ್ಚಿಯಲ್ಲಿ ಯಾರು ಕೂತಿದ್ದರು ಎಲ್ಲ. ಸಭೆಯಲ್ಲಿದ್ದವರಲ್ಲಿ ಒಬ್ಬರು ಫೋನು ನೋಡತೊಡಗಿದರು. ಒಬ್ಬರು ಚೌಚೌ ಬಾಯಿಗೆ ಹಾಕಿಕೊಂಡರು. ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, "ಆದದ್ದು ಆಯ್ತು. ಸಂಸ್ಥೆ ಹೆಸರು ಹಾಳಾಗೂದು ಬೇಡ," ಅಂದರು. ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಗುತ್ತಿಗೆದಾರರ ಮಗಳಿಗೆ ಆಯ್ಕೆಯಲ್ಲಿ ಸೋಲಾಗಿತ್ತು, ಅದಕ್ಕೆ ಎಲ್ಲರೂ ವಿಷಾದ ಪಟ್ಟರು. ನಾನು ಕೆಲಸ ಬಿಟ್ಟೆ. ಅಕ್ಕನೂ ಬಿಟ್ಟಳು; ಈಗ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕ್ಯಾಂಟೀನಿನಲ್ಲಿ ದೋಸೆ ಹೊಯ್ಯುತ್ತಾಳೆ.

ಊರಿಗೆ ಮರಳಿ ಅಣ್ಣನ ಜೊತೆ ಹೊಲಕ್ಕೆ ಹೋಗತೊಡಗಿದೆ. ಟೀವಿಯಲ್ಲಿ ಕುಸ್ತಿ ಬಂದರೆ ಎದ್ದು ಹೋಗುತ್ತಿದ್ದೆ. ಹಸಿರು ಮಗ್ಗು ಕಂಡರೆ ಸ್ನಾನ ಮಾಡಲು ಆಗುತ್ತಿರಲಿಲ್ಲ. ಹೆಂಡತಿ ಮನೆಯ ಮಗ್ಗು ಬದಲಾಯಿಸಿ ತಾಮ್ರದ ಚೊಂಬು ಇಟ್ಟಳು.

ಒಂದು ಮಧ್ಯಾಹ್ನ ಹುಡುಗಿಯ ಫೋನ್ ಬಂತು.

"ಸರ್, ನಾನು ಮನೇಲಿ ಸುಮ್ನೆ ಇದ್ದೇನೆ. ನೀವೂ ಸುಮ್ನೆ ಇದ್ದೀರಂತೆ."

"ಹೌದವಾ."

"ಇಬ್ರೂ ಸುಮ್ನೆ ಇರೂದು ಎಂತಕ್ಕೆ?"

ಯಲ್ಲಾಪುರದಲ್ಲಿ ಮುಚ್ಚಿಹೋದ ಒಂದು ಸಾ ಮಿಲ್ಲಿನ ಶೆಡ್ಡು ಸಿಕ್ಕಿತು. ಯಜಮಾನರಿಗೆ ಹಳೆಯ ಕುಸ್ತಿಯ ನೆನಪಿತ್ತು, ಬಳಸಿಕೊಳ್ಳಿ ಎಂದರು. ಮೂಲೆಯಲ್ಲಿ ರಾಶಿ ಬಿದ್ದಿದ್ದ ಮರದ ಹೊಟ್ಟನ್ನೇ ಹರಡಿ, ಮೇಲೆ ಟಾರ್ಪಾಲು ಎಳೆದು ಕಟ್ಟಿದೆವು. ತಾಯಿ ಮೊದಲ ದಿನ ಬಂದು ಎಲ್ಲ ನೋಡಿ, "ಉಪವಾಸ ಹಾಕಿದ್ರೆ ನಾನು ಬಂದು ಕರ್ಕೊಂಡು ಹೋಗೂದೇ," ಅಂದು ಡಬ್ಬಿಯಲ್ಲಿ ತಂದ ಅನ್ನವನ್ನು ನನಗೂ ಬಡಿಸಿದಳು. ಈಗ ಅಲ್ಲಿ ಸುತ್ತಲಿನ ಹಳ್ಳಿಗಳ ಮಕ್ಕಳು ಬರುತ್ತಾರೆ. ತೂಕದ ಯಂತ್ರ ಇಟ್ಟಿದ್ದೇನೆ. ಯಾರಾದರೂ ಇಳಿದಿದ್ದರೆ ಮನೆಯಲ್ಲಿ ಊಟಕ್ಕೆ ಏನಿತ್ತು ಎಂದು ಕೇಳುತ್ತೇನೆ.

ಹೋದ ವರ್ಷ ಶಿರಸಿಯಲ್ಲಿ ಜಿಲ್ಲಾ ಪಂದ್ಯ. ಅವಳು ಐವತ್ತೊಂಬತ್ತರಲ್ಲಿ ಆಡಿದಳು, ಹೊಟ್ಟೆ ತುಂಬ ತಿಂದು. ಫೈನಲ್ಲಿಗೆ ಬಂದಳು, ಒಂದೇ ಅಂಕದಲ್ಲಿ ಸೋತಳು. ಮುಖ್ಯ ಅತಿಥಿ ಯಾರು ಅಂದರೆ ಅದೇ ಅಧ್ಯಕ್ಷರು, ಅದೇ ಇಸ್ತ್ರಿಯ ಬಿಳಿ ಅಂಗಿ. ನನ್ನನ್ನು ಕಂಡು ಕೈಯಗಲಿಸಿ ಬಂದರು.

"ಓ ಪೈಲ್ವಾನ್ರೇ! ನಮ್ಮ ಹುಡುಗಿ ಚಲೋ ಆಡಿದ್ಲಲ್ಲ!"

"ಯಾರ ಹುಡುಗಿ ರೀ?" ಅಂದೆ.

ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ. ಮೈಕಿನಲ್ಲಿ ತಮ್ಮ ಸಂಸ್ಥೆಯಲ್ಲಿ ಅರಳಿದ ಪ್ರತಿಭೆ ಎಂದು ಅವಳ ಹೆಸರು ಕೂಗಿದರು. ಆಗಲೂ ಹೆಸರನ್ನು ತಪ್ಪು ಹೇಳಿದರು. ಕೊರಳಿಗೆ ಹಾಕಲು ಪದಕದ ರಿಬ್ಬನ್ನು ಎರಡೂ ಕೈಯಲ್ಲಿ ಅಗಲಿಸಿ ನಿಂತರು. ಅವಳು ತಲೆ ಬಗ್ಗಿಸಲಿಲ್ಲ. ಅಂಗೈ ಚಾಚಿದಳು.

"ಕೈಯಲ್ಲೇ ಕೊಡಿ."

ಫೋಟೋ ತೆಗೆಯುವವನು ಕಾಯುತ್ತಿದ್ದ. ಅಧ್ಯಕ್ಷರು ನಗುತ್ತಲೇ ಕೈಯಲ್ಲಿ ಹಾಕಿದರು, ನಗುತ್ತಲೇ ಮುಂದಿನವರ ಹೆಸರು ಕರೆದರು. ಜನ ಚಪ್ಪಾಳೆ ತಟ್ಟಿದರು. ಅವರಿಗೆ ಏನೂ ಆಗಿಲ್ಲ, ಆಗುವುದೂ ಇಲ್ಲ. ಆ ಕಾಲೇಜಿನಲ್ಲಿ ಈಗಲೂ ಕುಸ್ತಿ ವಿಭಾಗ ಇದೆ, ಬೇರೆ ತರಬೇತುದಾರ ಇದ್ದಾನೆ, ಮಕ್ಕಳೂ ಇದ್ದಾರೆ.

ಸಂಜೆಯ ಬಸ್ಸಿನಲ್ಲಿ ಯಲ್ಲಾಪುರಕ್ಕೆ ಹೊರಟೆವು. ಕಿಟಕಿ ಪಕ್ಕ ಕೂತು ಅವಳು ಆ ಒಂದು ಅಂಕ ಹೋದ ಗಳಿಗೆಯನ್ನು ಕೈ ಆಡಿಸಿ ವಿವರಿಸುತ್ತಿದ್ದಳು. ಎದುರಿನವಳು ಬಲಗೈ ಸಡಿಲ ಬಿಟ್ಟಳು, ಅದು ಮೋಸ ಅಂತ ಗೊತ್ತಾಯಿತು, ಗೊತ್ತಾದರೂ ಆಸೆಗೆ ನುಗ್ಗಿದೆ, ಹಾಗೆ ನುಗ್ಗಬಾರದಿತ್ತು ಎಂದಳು. ನಾನು ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ. ಮನಸ್ಸು ಇನ್ನೂ ಆ ನಗುಮುಖದ ಹತ್ತಿರವೇ ಕುದಿಯುತ್ತಿತ್ತು. ಅವಳು ನನ್ನ ಮೊಣಕೈಗೆ ತಿವಿದಳು.

"ಸರ್, ಕೇಳ್ತಾ ಇದ್ರಾ?"

"ಕೇಳಾಕತ್ತೀನವಾ. ಬಲಗೈ ಸಡಿಲ ಬಿಟ್ಳು. ಮುಂದ?"

"ಮುಂದೆ ಎಂತ ಅಂದ್ರೆ," ಎಂದು ಅವಳು ಮತ್ತೆ ಮೊದಲಿಂದ ಶುರು ಮಾಡಿದಳು.